ಮೊದಲ ಮಳೆಯ ಗೊಬ್ಬರ ಆಕಾಶದ್ದಲ್ಲ

ಭರಣಿ ಮಳೆ ಬಿದ್ದು ವಾರ ಕಳೆಯುವುದರೊಳಗೆ ಪ್ರತಿವರ್ಷ ಒಂದು ಮಾತು ಊರೂರು ಸುತ್ತುತ್ತದೆ. ಗುಡುಗು ಸಿಡಿಲಿನ ಮಳೆಯಲ್ಲಿ ಯೂರಿಯಾ ಇರುತ್ತದಂತೆ, ಆದ್ದರಿಂದಲೇ ಬೇಸಿಗೆಯುದ್ದಕ್ಕೂ ಕೊಳವೆಬಾವಿಯ ನೀರು ಕುಡಿದೂ ಬಿಳಿಚಿಕೊಂಡಿದ್ದ ಗಿಡ ಒಂದೇ ಮಳೆಗೆ ಕಡುಹಸಿರಾಗುತ್ತದಂತೆ. ಓದಿದವರೂ ಇದನ್ನು ನಂಬಿಕೆಯಿಂದ ಹೇಳುತ್ತಾರೆ. ಹಸಿರಾಗುವುದು ನಿಜ, ಹೇಳುವ ಕಾರಣ ತಪ್ಪು. ಈ ತಪ್ಪು ನನಗೆ ಚಿಕ್ಕದಾಗಿ ಕಾಣುವುದಿಲ್ಲ. ಗೊಬ್ಬರ ಮೇಲಿನಿಂದ ಬರುತ್ತದೆಂದು ನಂಬಿದವರಿಗೆ ಹೊಲದ ಕೂಳೆಗೂ ತರಗೆಲೆಗೂ ಬೆಂಕಿ ಇಡುವುದು ತಪ್ಪೆನಿಸುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಯೂರಿಯಾದಿಂದ ಬೆಳೆಗೆ ಸಿಗುವುದು ಸಾರಜನಕ. ಸಿಡಿಲಿನ ಕಾವಿಗೆ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿಕೊಂಡು, ಕೊನೆಗೆ ಬೇರು ಹೀರಬಲ್ಲ ನೈಟ್ರೇಟ್ ಆಗಿ ಮಳೆಯಲ್ಲಿ ಇಳಿಯುವುದು ಹೌದು. ಭೂಮಿಯ ಮೇಲಿನ ಎಲ್ಲ ಸಿಡಿಲುಗಳೂ ಸೇರಿ ವರ್ಷಕ್ಕೆ ಸುಮಾರು 50 ಲಕ್ಷ ಟನ್ ಸಾರಜನಕವನ್ನು ಹೀಗೆ ಹಿಡಿದುಕೊಡುತ್ತವೆ ಎಂಬ ಅಂದಾಜಿದೆ. ಭೂಮಿಯ ಮೇಲ್ಮೈ 5,100 ಕೋಟಿ ಹೆಕ್ಟೇರ್. ಹಂಚಿದರೆ ಹೆಕ್ಟೇರಿಗೆ ವರ್ಷಕ್ಕೆ ಸಿಗುವುದು 100 ಗ್ರಾಂ. ಸಿಡಿಲು ಹೆಚ್ಚಾಗಿರುವ ಉಷ್ಣವಲಯದ ನೆಲಕ್ಕೆ ಇದರ ಹತ್ತು ಪಟ್ಟು ಕೊಟ್ಟರೂ ಒಂದು ಕಿಲೋ. ಮಳೆಯಾಶ್ರಿತ ರಾಗಿಗೆ ಶಿಫಾರಸು ಮಾಡುವುದು ಹೆಕ್ಟೇರಿಗೆ 50 ಕಿಲೋ ಸಾರಜನಕ.

ಈ ಜಗಳ ಹಳೆಯದು. ಬೆಳೆಗೆ ಬೇಕಾದ ಸಾರಜನಕವನ್ನು ವಾತಾವರಣವೇ ಅಮೋನಿಯಾ ರೂಪದಲ್ಲಿ ಒದಗಿಸುತ್ತದೆ ಎಂದು ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ವಾದಿಸಿದ್ದ. ಅವನ ಹೆಸರಿಗೆ ಯುರೋಪಿನಲ್ಲಿ ಎದುರಿರಲಿಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಪ್ರಯೋಗ ಕೇಂದ್ರದಲ್ಲಿ ಲಾಸ್ ಮತ್ತು ಗಿಲ್ಬರ್ಟ್ ವಾದಕ್ಕೆ ನಿಲ್ಲದೆ 1850ರ ದಶಕದಲ್ಲಿ ಮಳೆನೀರನ್ನೇ ಹಿಡಿದು ಪರೀಕ್ಷೆಗೆ ಒಡ್ಡಿದರು. ಅದರಲ್ಲಿ ಸಿಕ್ಕ ಸಾರಜನಕ ಗೋಧಿಯ ಅಗತ್ಯದ ಹತ್ತಿರಕ್ಕೂ ಬರಲಿಲ್ಲ. ಅಳೆದು ಮುಗಿಸಿದ ಪ್ರಶ್ನೆ ನೂರೆಪ್ಪತ್ತು ವರ್ಷಗಳ ನಂತರ ಮೊಬೈಲ್ ಸಂದೇಶವಾಗಿ ಮರಳಿ ಬರುವುದು ಬೇಸರದ ಸಂಗತಿ.

ಹಾಗಾದರೆ ಹಸಿರು ಎಲ್ಲಿಯದು? ಕಾಲ ಕೆಳಗಿನದು. ಒಂದು ಹೆಕ್ಟೇರಿನ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 20 ಲಕ್ಷ ಕಿಲೋ ತೂಗುತ್ತದೆ. ಬಡ ಕೆಂಪು ಮಣ್ಣಿನಲ್ಲಿ ಸಾರಜನಕ ಶೇ 0.05ರಷ್ಟೇ ಇದೆ ಎಂದುಕೊಂಡರೂ ಅಲ್ಲಿ 1,000 ಕಿಲೋ ಸಾರಜನಕವಿದೆ. ಅದರಲ್ಲಿ ಶೇ 90ಕ್ಕೂ ಹೆಚ್ಚು ಸಾವಯವ ರೂಪದ್ದು, ಸುಮಾರು ಶೇ 40ರಷ್ಟು ಪ್ರೋಟೀನ್ ಮತ್ತು ಅದರ ತುಣುಕುಗಳು. ಗರಿಕೆಯ ಒಣಬೇರು, ಗೆದ್ದಲಿನ ರೆಕ್ಕೆ, ಹುಳದ ಪೊರೆ, ಇವೆಲ್ಲಕ್ಕಿಂತ ಹೆಚ್ಚಾಗಿ ಸತ್ತ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳ ದೇಹ. ಬ್ಯಾಕ್ಟೀರಿಯಾದ ಒಣತೂಕದಲ್ಲಿ ಅರ್ಧಕ್ಕೂ ಹೆಚ್ಚು ಪ್ರೋಟೀನೇ.

ಇಷ್ಟಿದ್ದೂ ಬೆಳೆ ಹಸಿದಿರುತ್ತದೆ, ಏಕೆಂದರೆ ಪ್ರೋಟೀನನ್ನು ಹಾಗೇ ನುಂಗಲು ಸೂಕ್ಷ್ಮಜೀವಿಗೂ ಆಗುವುದಿಲ್ಲ. ಎಲೆಯಲ್ಲಿ ಹೇರಳವಾಗಿರುವ ರುಬಿಸ್ಕೋ ಎಂಬ ಪ್ರೋಟೀನಿನ ಅಣುತೂಕ, ಅಣುವನ್ನು ತೂಗುವ ಮಾನದಲ್ಲಿ, ಸುಮಾರು 5.5 ಲಕ್ಷ ಡಾಲ್ಟನ್. ಮಣ್ಣಿನ ಎಷ್ಟೋ ಬ್ಯಾಕ್ಟೀರಿಯಾಗಳ ಹೊರಪೊರೆಯ ರಂಧ್ರದಲ್ಲಿ ತೂರುವುದು 600 ಡಾಲ್ಟನ್ ಆಸುಪಾಸಿನದು, ಅಂದರೆ ಪ್ರೋಟೀನ್ ಸರಪಳಿಯ ಮಣಿಗಳಾದ ಅಮೈನೋ ಆಮ್ಲಗಳಲ್ಲಿ ಐದಾರರ ತುಂಡು. ಇಡೀ ಹಲಸಿನ ಹಣ್ಣನ್ನು ಸೀಸೆಯ ಬಾಯಿಗೆ ತುರುಕುವಂಥ ಕೆಲಸ ಇದು. ಆದ್ದರಿಂದ ಜೀವಿ ತನ್ನ ಕಿಣ್ವವನ್ನು ಹೊರಗೆ ಕಳುಹಿಸುತ್ತದೆ. ಪ್ರೋಟಿಯೇಸ್ ಎಂಬ ಈ ಕಿಣ್ವ ಅಮೈನೋ ಆಮ್ಲಗಳ ನಡುವಿನ ಕೊಂಡಿಗೆ ಒಂದು ನೀರಿನ ಅಣುವನ್ನು ಸೇರಿಸಿ ಕತ್ತರಿಸುತ್ತದೆ. ಕೆಲವು ಕಿಣ್ವಗಳು ಸರಪಳಿಯನ್ನು ನಡುವೆ ತುಂಡರಿಸಿದರೆ ಕೆಲವು ತುದಿಯಿಂದ ಒಂದೊಂದಾಗಿ ಬಿಡಿಸುತ್ತವೆ.

ಇಲ್ಲಿಯ ಖರ್ಚು ಗಮನಿಸಬೇಕಾದದ್ದು. ಪ್ರೋಟಿಯೇಸ್ ಕೂಡ ಪ್ರೋಟೀನೇ. ಸಾರಜನಕಕ್ಕಾಗಿ ಹಸಿದ ಜೀವಿ ಕೈಯಲ್ಲಿದ್ದ ಸಾರಜನಕವನ್ನೇ ಹೂಡಿ ಹೊರಗೆ ಬಿಡಬೇಕು, ಕತ್ತರಿಸಿದ ತುಂಡನ್ನು ಪಕ್ಕದ ಸೋಮಾರಿ ಬ್ಯಾಕ್ಟೀರಿಯಾ ನುಂಗಿದರೆ ನಷ್ಟ ಹೊರಬೇಕು. ಎದುರಾಳಿ ಮಣ್ಣೂ ಸುಮ್ಮನಿರುವುದಿಲ್ಲ. ಕಪ್ಪು ಮಣ್ಣಿನ ಜೇಡಿ, ಕೆಂಪು ಮಣ್ಣಿನ ಕಬ್ಬಿಣದ ಆಕ್ಸೈಡ್‌ಗಳು ಪ್ರೋಟೀನನ್ನು ಅಂಟಿಸಿಕೊಂಡು ಕಿಣ್ವಕ್ಕೆ ಸಿಗದಂತೆ ಮಾಡುತ್ತವೆ. ಎಲೆಯ ಒಗರು ಪದಾರ್ಥವಾದ ಟ್ಯಾನಿನ್ ಕೂಡ ಪ್ರೋಟೀನಿಗೆ ಬಿಗಿಯಾಗಿ ಅಂಟುತ್ತದೆ. ಸಾರಜನಕದ ಚಕ್ರದಲ್ಲಿ ನಿಧಾನದ ಹಂತ ಬೇರು ಹೀರಬಲ್ಲ ಅಮೋನಿಯಂನ ಬಿಡುಗಡೆಯಲ್ಲ, ಈ ಕತ್ತರಿಸುವಿಕೆಯೇ ಎಂದು ಸಂಶೋಧಕರಾದ ಶಿಮೆಲ್ ಮತ್ತು ಬೆನೆಟ್ 2004ರಲ್ಲಿ ವಾದಿಸಿದ ಮೇಲೆ ಮಣ್ಣು ವಿಜ್ಞಾನಿಗಳ ನೋಟವೇ ತಿರುಗಿತು.

ಕತ್ತರಿಸಿ ಬಂದ ಅಮೈನೋ ಆಮ್ಲ ಮಣ್ಣಿನಲ್ಲಿ ಗಂಟೆಗಟ್ಟಲೆ ಉಳಿದರೆ ಹೆಚ್ಚು. ಇಂಗಾಲ ಧಾರಾಳವಾಗಿರುವಾಗ, ಉದಾಹರಣೆಗೆ ಕೊಳೆಯದ ಭತ್ತದ ಹುಲ್ಲನ್ನು ಮಣ್ಣಿಗೆ ಸೇರಿಸಿ ಉತ್ತಾಗ, ಸೂಕ್ಷ್ಮಜೀವಿಗಳು ಸಾರಜನಕವನ್ನೆಲ್ಲ ತಮ್ಮ ಮೈಗೇ ಸೇರಿಸಿಕೊಳ್ಳುತ್ತವೆ, ಬೆಳೆ ಹಳದಿಯಾಗುತ್ತದೆ. ಇಂಗಾಲ ಸಾಲದಾದಾಗ ಅಮೈನೋ ಆಮ್ಲವನ್ನೇ ಉರಿಸಿ, ಬೇಡವಾದ ಅಮೋನಿಯಂ ಹೊರಹಾಕುತ್ತವೆ. ಬೇರಿಗೆ ಸಿಗುವುದರಲ್ಲಿ ಬಹುಪಾಲು ಹೀಗೆ ಹೊರಬಿದ್ದದ್ದು. ಬೇರು ನೇರವಾಗಿ ಅಮೈನೋ ಆಮ್ಲ ಹೀರುವುದೂ ಉಂಟು. ಸ್ವೀಡನ್ನಿನ ಕಾಡುಗಿಡಗಳಲ್ಲಿ 1998ರಲ್ಲಿ ಅದು ಖಚಿತವಾಯಿತು.

ಈಗ ಬೇಸಿಗೆಗೆ ಬನ್ನಿ. ಮಣ್ಣು ಒಣಗಿದಾಗ ಅಸಂಖ್ಯ ಸೂಕ್ಷ್ಮಜೀವಿಗಳು ಸಾಯುತ್ತವೆ. ಉಳಿದವುಗಳಲ್ಲಿ ಹಲವು ನೀರು ಹಿಡಿದಿಟ್ಟುಕೊಳ್ಳಲು ಮೈಯೊಳಗೆ ಅಮೈನೋ ಆಮ್ಲ ತುಂಬಿಕೊಂಡು ಕೂರುತ್ತವೆ. ಜೇಡಿಗೆ ಅಂಟಿದ ಕಿಣ್ವಗಳು ಕೆಡದೆ ಕಾಯುತ್ತವೆ, ಆದರೆ ಕೊಂಡಿ ಕತ್ತರಿಸಲು ಬೇಕಾದ ನೀರೇ ಇಲ್ಲ. ಮೊದಲ ಮಳೆಗೆ ಹೆಂಟೆ ಕರಗುತ್ತದೆ, ಒಳಗೆ ಅಡಗಿದ್ದ ಪ್ರೋಟೀನ್ ತೆರೆದುಕೊಳ್ಳುತ್ತದೆ, ಜೀವಕೋಶಗಳು ಒಡೆಯುತ್ತವೆ ಇಲ್ಲವೇ ತುಂಬಿಕೊಂಡದ್ದನ್ನು ಉಗುಳುತ್ತವೆ, ಕಿಣ್ವಗಳು ಕೆಲಸಕ್ಕಿಳಿಯುತ್ತವೆ. ಕೀನ್ಯಾದ ಮುಗುಗದಲ್ಲಿದ್ದ ಮಣ್ಣಿನ ಸಂಶೋಧಕ ಬರ್ಚ್ 1958ರಲ್ಲಿ ಇದನ್ನು ಪ್ರಕಟಿಸಿದ. ಒಣಗಿಸಿದ ಮಣ್ಣಿಗೆ ನೀರು ಬಿಟ್ಟರೆ ಇಂಗಾಲದ ಡೈಆಕ್ಸೈಡ್ ಭುಗಿಲೆದ್ದು ಹೊರಬಂತು, ಖನಿಜ ಸಾರಜನಕ, ಅಂದರೆ ಅಮೋನಿಯಂ ಮತ್ತು ನೈಟ್ರೇಟ್, ಏರಿತು. ಮತ್ತೆ ಒಣಗಿಸಿ ಮತ್ತೆ ನೆನೆಸಿದರೆ ಮತ್ತೆ ಏರಿತು. ಅವನ ಪ್ರಯೋಗಶಾಲೆಯಲ್ಲಿ ಗುಡುಗೂ ಇರಲಿಲ್ಲ, ಸಿಡಿಲೂ ಇರಲಿಲ್ಲ.

ಕೊಳವೆಬಾವಿಯ ನೀರಿಗೆ ಈ ಗುಣ ಏಕಿಲ್ಲ ಎಂದು ಕೇಳುವವರಿಗೂ ಉತ್ತರ ಇಲ್ಲೇ ಇದೆ. ಹನಿ ನೀರಾವರಿಯ ಬುಡ ಎಂದೂ ಪೂರ್ತಿ ಒಣಗುವುದಿಲ್ಲ. ಸಾಲುಗಳ ನಡುವೆ ಮೂರು ತಿಂಗಳು ಬೆಂದು ಬಿರಿದ ನೆಲಕ್ಕೆ ಮಳೆಯೇ ಮೊದಲ ನೀರು.

ಬೆಂಕಿ ಇಟ್ಟ ಹೊಲದಲ್ಲಿ ಕೂಳೆಯ ಸಾರಜನಕ ಅನಿಲವಾಗಿ ಹೋಗಿರುತ್ತದೆ, ಕಿಣ್ವಕ್ಕೆ ಕತ್ತರಿಸಲು ಅಷ್ಟು ಕಡಿಮೆ. ಸುಡದ ಹೊಲಕ್ಕೂ ಒಂದು ಗಡುವಿದೆ. ಬಿಡುಗಡೆಯಾದ ಅಮೋನಿಯಂ ಬೇಗನೆ ನೈಟ್ರೇಟ್ ಆಗುತ್ತದೆ, ನೈಟ್ರೇಟ್ ಮಣ್ಣಿಗೆ ಅಂಟದು. ಬೇರಿಲ್ಲದ ಹೊಲದಲ್ಲಿ ಅದು ಮುಂದಿನ ಜಡಿಮಳೆಗೆ ಆಳಕ್ಕೆ ಬಸಿದುಹೋಗುತ್ತದೆ. ಮೊದಲ ಹದ ಮಳೆಗೇ ಸೆಣಬನ್ನೋ ಅಲಸಂದೆಯನ್ನೋ ಚೆಲ್ಲಿದ್ದರೆ ಅದನ್ನು ಹಿಡಿಯಲು ಅಲ್ಲಿ ಬೇರು ಇರುತ್ತದೆ.