ಟಿವಿಯ ಹಲ್ಕ್ ಯಾಕೆ ಒಂದು ಮಾತೂ ಆಡಲಿಲ್ಲ?

ಪ್ರಶ್ನೆ: ಹಳೆಯ ಹಲ್ಕ್ ಧಾರಾವಾಹಿಯಲ್ಲಿ ಆ ಹಸಿರು ದೈತ್ಯ ಬರೀ ಗುರುಗುಟ್ಟುತ್ತಾನೆ, ಒಂದು ಮಾತೂ ಆಡಲ್ಲ. ಆ ಪಾತ್ರ ಮಾಡಿದ ನಟನಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲವಂತೆ. ಅದಕ್ಕೇನಾ ಅವರಿಗೆ ಮಾತು ಕೊಡದೇ ಇದ್ದಿದ್ದು?

ಅಲ್ಲ, ಅದಕ್ಕಲ್ಲ. ಆ ನಟ ಲೂ ಫೆರಿಗ್ನೊ. ಅವರಿಗೆ ಕಿವಿ ಕೇಳಿಸುತ್ತಿದ್ದುದು ತುಂಬಾ ಕಡಿಮೆ, ಅದು ನಿಜ. ಹಲ್ಕ್ ಮಾತಾಡುವುದಿಲ್ಲ, ಅದೂ ನಿಜ. ಎರಡೂ ನಿಜ ಆದ್ದರಿಂದ ಒಂದಕ್ಕೆ ಇನ್ನೊಂದು ಕಾರಣ ಅಂತ ಜನ ಅಂದುಕೊಂಡುಬಿಟ್ಟಿದ್ದಾರೆ. ನಾನೂ ಬಹಳ ದಿನ ಹಾಗೇ ನಂಬಿದ್ದೆ. ಅವರ ಜೀವನದ ಬಗ್ಗೆ ಓದಿದ ಮೇಲೆ ನನಗೆ ಬೇಜಾರಾಯಿತು. ಯಾಕೆಂದರೆ ಮಾತು ಕಲಿಯೋಕೆ ಈ ಮನುಷ್ಯ ಪಟ್ಟಷ್ಟು ಕಷ್ಟವನ್ನು ನಮ್ಮಲ್ಲಿ ಹೆಚ್ಚಿನವರು ಪಟ್ಟಿರುವುದಿಲ್ಲ.

ಲೂ ಹುಟ್ಟಿದ್ದು 1951ರ ನವೆಂಬರ್ 9ರಂದು, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ ಪೊಲೀಸ್ ಇಲಾಖೆಯಲ್ಲಿದ್ದರು. ತೀರಾ ಚಿಕ್ಕವನಿದ್ದಾಗ ಮಗುವಿನ ಕಿವಿಗೆ ಮೇಲಿಂದ ಮೇಲೆ ಸೋಂಕು ತಗುಲಿ, ಕೇಳುವ ಶಕ್ತಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹೋಯಿತು. ಅದು ಮನೆಯವರಿಗೆ ಗೊತ್ತಾಗುವಷ್ಟರಲ್ಲಿ ಹುಡುಗನಿಗೆ ಮೂರು ವರ್ಷ. ಮಕ್ಕಳು ಮಾತು ಕಲಿಯೋದೇ ಆ ವಯಸ್ಸಿನಲ್ಲಿ, ಅಲ್ವಾ? ಕೇಳಿಸದೇ ಇದ್ದದ್ದನ್ನು ನಾಲಿಗೆಗೆ ತಂದುಕೊಳ್ಳುವುದು ಹೇಗೆ? ಮಾತು ತೊದಲಿತು, ಅಸ್ಪಷ್ಟವಾಯಿತು. ಹಿಯರಿಂಗ್ ಏಡ್ ಬಂತು, ತುಟಿ ನೋಡಿ ಮಾತು ತಿಳಿದುಕೊಳ್ಳುವ ಅಭ್ಯಾಸ ಬಂತು. ಅದರ ಜೊತೆಗೇ ಓರಗೆಯ ಹುಡುಗರ ಗೇಲಿಯೂ ಬಂತು. ಅವರು ಇಟ್ಟ ಹೆಸರು "ಕಿವುಡ ಲೂಯಿ".

ಆ ಹುಡುಗ ಹೋಗಿ ಕೂತಿದ್ದು ಕಾಮಿಕ್ಸ್ ಪುಸ್ತಕಗಳ ಮುಂದೆ. ಅದರಲ್ಲೂ ಇಷ್ಟವಾಗಿದ್ದು ಸ್ಪೈಡರ್‌ಮ್ಯಾನ್ ಮತ್ತು ಹಲ್ಕ್. ಹಲ್ಕ್ ಕಾಮಿಕ್ಸ್ ಮೊದಲು ಹೊರಬಂದ 1962ರಲ್ಲಿ ಲೂಗೆ ಹತ್ತು ವರ್ಷ. ಯಾರೂ ಮೈಮುಟ್ಟೋಕೆ ಧೈರ್ಯ ಮಾಡದ ಒಂದು ದೇಹ ಅವನ ಕಣ್ಣ ಮುಂದೆ ಬಂದಿದ್ದು ಹೀಗೆ. ಇನ್ನೊಂದು ಕಡೆ, ಹರ್ಕ್ಯುಲಿಸ್ ಪಾತ್ರ ಮಾಡಿದ ಸ್ಟೀವ್ ರೀವ್ಸ್‌ರ ಸಿನಿಮಾ ನೋಡಿ ಹುಚ್ಚು ಹತ್ತಿತು. ಹನ್ನೆರಡು ಹದಿಮೂರರ ವಯಸ್ಸಿಗೆ ಭಾರ ಎತ್ತೋಕೆ ಶುರು ಮಾಡಿದ. ಆದರೆ ತೂಕದ ಸೆಟ್ ಕೊಳ್ಳೋಕೆ ದುಡ್ಡಿರಲಿಲ್ಲ. ಹುಡುಗ ಏನು ಮಾಡಿದ ಗೊತ್ತಾ? ಬಕೆಟ್‌ಗಳಿಗೆ ಸಿಮೆಂಟ್ ತುಂಬಿ ಗಟ್ಟಿ ಮಾಡಿ, ಪೊರಕೆಯ ಕೋಲಿಗೆ ಸಿಕ್ಕಿಸಿಕೊಂಡ. ಮುಂದೆ ಇಡೀ ಜಗತ್ತು ನೋಡಿದ ಆ ತೋಳುಗಳಿಗೆ ಮೊದಲ ಬಾರ್‌ಬೆಲ್ ಅದೇ.

1969ರಲ್ಲಿ ಬ್ರೂಕ್ಲಿನ್ ಟೆಕ್ನಿಕಲ್ ಹೈಸ್ಕೂಲ್‌ನಲ್ಲಿ ಓದು ಮುಗಿಯಿತು. ಆಮೇಲೆ ಮೂರು ವರ್ಷ ಶೀಟ್ ಮೆಟಲ್ ಕಾರ್ಖಾನೆಯಲ್ಲಿ ಕೆಲಸ, ಗಂಟೆಗೆ 10 ಡಾಲರ್ ಕೂಲಿ. ಒಂದು ದಿನ ಜೊತೆಯಲ್ಲಿ ದುಡಿಯುತ್ತಿದ್ದ ಗೆಳೆಯನ ಕೈ ತುಂಡಾಗಿಹೋಯಿತು. ಲೂ ಆ ಕೆಲಸ ಬಿಟ್ಟರು.

ಅಷ್ಟರಲ್ಲಿ ಸಿಮೆಂಟ್ ಬಕೆಟ್‌ಗಳ ಫಲ ಕಾಣಿಸತೊಡಗಿತ್ತು. 1973ರಲ್ಲಿ ಬಾಡಿಬಿಲ್ಡಿಂಗ್‌ನ ಮಿಸ್ಟರ್ ಅಮೆರಿಕ ಪಟ್ಟ. ಅದೇ ವರ್ಷ ಮಿಸ್ಟರ್ ಯೂನಿವರ್ಸ್, ಮರುವರ್ಷ ಮತ್ತೆ ಅದೇ ಪಟ್ಟ. ಬಾಡಿಬಿಲ್ಡಿಂಗ್‌ನ ಅತಿ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾದಲ್ಲಿ 1974ರಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಎದುರು ನಿಂತರು, ಸೋತರು. 1975ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಮತ್ತೆ ಎದುರಾದರು. ಆ ಪೈಪೋಟಿಯ ಕಥೆಯೇ 1977ರಲ್ಲಿ ತೆರೆಕಂಡ 'ಪಂಪಿಂಗ್ ಐರನ್' ಸಾಕ್ಷ್ಯಚಿತ್ರ. ಅದರಲ್ಲೊಂದು ತಿಂಡಿ ಮೇಜಿನ ದೃಶ್ಯ ಇದೆ. ಸ್ಪರ್ಧೆ ಇನ್ನೂ ನಡೆದೇ ಇಲ್ಲ, ಆಗಲೇ ಆರ್ನಾಲ್ಡ್ ನಗುನಗುತ್ತಾ, ನಾನು ಗೆದ್ದೆ ಅಂತ ಅಮ್ಮನಿಗೆ ಫೋನ್ ಮಾಡಿ ಹೇಳಿಬಿಟ್ಟಿದ್ದೀನಿ ಅನ್ನುತ್ತಾರೆ. ಲೂ ಅವರ ಮುಖ ನೋಡಿ. ತಿರುಗೇಟು ಕೊಡೋಕೆ ಮಾತು ಸಿಗುವುದಿಲ್ಲ. ಎಲ್ಲರೂ ನಗುವಾಗ ತಾವೂ ಸಣ್ಣಗೆ ನಗುತ್ತಾರೆ. ದೇಹದಲ್ಲಿ ಅವರೇ ಎತ್ತರ, 6 ಅಡಿ 5 ಅಂಗುಲ. ಆದರೆ ಆ ಮೇಜಿನಲ್ಲಿ ಗೆದ್ದಿದ್ದು ಮಾತು. ಆ ಸಲ ತಮ್ಮ ತೂಕದ ವಿಭಾಗದಲ್ಲಿ ಲೂಗೆ ಸಿಕ್ಕಿದ್ದು ಮೂರನೇ ಸ್ಥಾನ.

ನಡುವೆ ಕೆನಡಾದ ಟೊರೊಂಟೊ ಆರ್ಗೊನಾಟ್ಸ್ ಫುಟ್‌ಬಾಲ್ (ನಮ್ಮ ಕಾಲ್ಚೆಂಡಲ್ಲ, ರಗ್ಬಿಯಂಥ ಆಟ) ತಂಡಕ್ಕೂ ಹೋಗಿ ಬಂದರು. ಅದು ಹೆಚ್ಚು ದಿನ ನಡೆಯಲಿಲ್ಲ.

ಈಗ ಹಲ್ಕ್‌ಗೆ ಬರೋಣ. ಅಮೆರಿಕದ ಸಿಬಿಎಸ್ ವಾಹಿನಿಗಾಗಿ 'ದಿ ಇನ್‌ಕ್ರೆಡಿಬಲ್ ಹಲ್ಕ್' ಮಾಡಿದವರು ಕೆನೆತ್ ಜಾನ್ಸನ್. ಮೊದಲು ಆ ಪಾತ್ರಕ್ಕೆ ತಂದಿದ್ದು ರಿಚರ್ಡ್ ಕೀಲ್ ಅವರನ್ನು. ಎತ್ತರ ಏಳು ಅಡಿಗೂ ಮೇಲೆ, ಆದರೆ ಕಾಮಿಕ್ಸ್‌ನ ಹಲ್ಕ್‌ಗೆ ಇರುವಂಥ ಮಾಂಸಖಂಡ ಇಲ್ಲ. ಚಿತ್ರೀಕರಣ ಶುರುವಾದ ಮೇಲೆ ಅವರನ್ನು ಬಿಟ್ಟು ಲೂ ಅವರನ್ನು ಕರೆದರು. ಮೊದಲ ಕಥೆ ಪ್ರಸಾರವಾಗಿದ್ದು 1977ರ ನವೆಂಬರ್ 4ರಂದು. ಧಾರಾವಾಹಿ 1982ರವರೆಗೆ ನಡೆಯಿತು. ಕೋಪ ಬಂದಾಗ ಹಲ್ಕ್ ಆಗಿಬಿಡುವ ಡಾಕ್ಟರ್ ಡೇವಿಡ್ ಬ್ಯಾನರ್ ಪಾತ್ರ ಬಿಲ್ ಬಿಕ್ಸ್‌ಬಿ ಅವರದ್ದು.

ಹಲ್ಕ್‌ಗೆ ಮಾತು ಬೇಡ ಅನ್ನುವ ತೀರ್ಮಾನ ಕಥೆಗೆ ಸಂಬಂಧಿಸಿದ್ದು. ಕಾಮಿಕ್ಸ್‌ನ ಹಲ್ಕ್ ತನ್ನ ಹೆಸರನ್ನೇ ಹೇಳಿಕೊಂಡು ಮುರುಕು ಮುರುಕಾಗಿ ಮಾತಾಡುತ್ತಾನೆ. ಕಾಗದದ ಮೇಲೆ ಅದು ಚೆನ್ನ. ನಿಜವಾದ ಮನುಷ್ಯ ಕ್ಯಾಮೆರಾ ಮುಂದೆ ಹಾಗೆ ಮಾತಾಡಿದರೆ ನಗೆಪಾಟಲಾಗುತ್ತದೆ. ಜಾನ್ಸನ್‌ಗೆ ದೊಡ್ಡವರೂ ನಂಬುವಂಥ ಕಥೆ ಬೇಕಿತ್ತು. ಹಲ್ಕ್‌ನ ಸೃಷ್ಟಿಕರ್ತರಲ್ಲಿ ಒಬ್ಬರಾದ ಸ್ಟಾನ್ ಲೀ ಕೂಡ ಇದು ಸರಿ ಅಂತ ಒಪ್ಪಿಕೊಂಡರು. ಇಲ್ಲಿ ನಟನ ಕಿವಿಯ ಮಾತೇ ಬರುವುದಿಲ್ಲ.

ಇನ್ನೊಂದು ವಿಷಯ: ಆ ಗುರುಗುಟ್ಟುವಿಕೆ ಕೂಡ ಲೂ ಅವರದ್ದಲ್ಲ. ಮೊದಲು ಅದಕ್ಕೆ ದನಿ ಕೊಟ್ಟಿದ್ದು ಟೆಡ್ ಕ್ಯಾಸಿಡಿ. ಅವರು 1979ರಲ್ಲಿ ತೀರಿಕೊಂಡ ಮೇಲೆ ಚಾರ್ಲ್ಸ್ ನೇಪಿಯರ್ ಆ ಕೆಲಸ ಮಾಡಿದರು.

ಹಾಗಾದರೆ ಲೂಗೆ ಉಳಿದಿದ್ದೇನು? ಮುಖ ಮತ್ತು ಮೈ. ಅದೂ ಸುಮಾರು ಮೂರು ಗಂಟೆಯ ಮೇಕಪ್ ಕೆಳಗೆ: ಅಂಟಿಸಿದ ಹುಬ್ಬು, ಮೂಗು, ವಿಗ್, ಕಣ್ಣಿಗೆ ಲೆನ್ಸ್, ಮೈತುಂಬಾ ಹಸಿರು ಬಣ್ಣ. ಮೊದಲ ಕಥೆಯಲ್ಲೇ, ಕೆರೆಗೆ ಬಿದ್ದ ಹುಡುಗಿಯನ್ನು ಕಾಪಾಡಲು ಹೋದ ಹಲ್ಕ್‌ಗೆ ಅವಳ ಅಪ್ಪ ಗುಂಡು ಹೊಡೆಯುತ್ತಾನೆ. ಆಗ ಕಾಣುವ ಗಲಿಬಿಲಿ, ನೋವು ಎಲ್ಲಾ ಲೂ ಅವರದ್ದೇ. ಬೇರೆಯವರ ಮುಖ ಓದಿಕೊಂಡೇ ಬೆಳೆದ ಹುಡುಗನಿಗೆ ಮುಖ ಏನೇನು ಹೇಳಬಲ್ಲದು ಅನ್ನುವುದು ಚೆನ್ನಾಗಿ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಪ್ರಶ್ನೆಗೆ ನೇರ ಪುರಾವೆ ಬೇಕೆಂದರೆ 1981ರ 'ಕಿಂಗ್ ಆಫ್ ದಿ ಬೀಚ್' ಕಂತು ನೋಡಿ. ಅದರಲ್ಲಿ ಲೂ ಹಲ್ಕ್ ಆಗಿಯೂ ಇದ್ದಾರೆ, ಕಾರ್ಲ್ ಮೊಲಿನೊ ಅನ್ನುವ, ಕಿವಿ ಕೇಳಿಸದ ಬಾಡಿಬಿಲ್ಡರ್ ಆಗಿಯೂ ಇದ್ದಾರೆ. ಹಸಿರು ಬಣ್ಣ ಇಲ್ಲ. ಬಾಯ್ತುಂಬಾ ಮಾತಿದೆ. ಹಲ್ಕ್ ಮತ್ತು ಬ್ಯಾನರ್ ಒಬ್ಬನೇ ಮನುಷ್ಯ ಆದ್ದರಿಂದ ಬಿಕ್ಸ್‌ಬಿ, ಲೂ ಇಬ್ಬರೂ ಎದುರುಬದುರು ನಿಂತು ಮಾತಾಡುವಂತಿರಲಿಲ್ಲ. ಈ ಕಂತಿನಲ್ಲಿ ಮಾತಾಡುತ್ತಾರೆ.

ದನಿಯ ವಿಷಯದಲ್ಲಿ ಲೂಗೆ ನಿಜವಾಗಿ ಅನ್ಯಾಯವಾಗಿದ್ದು ಆಮೇಲೆ ಅಂತ ನನ್ನ ಅಭಿಪ್ರಾಯ. 1983ರಲ್ಲಿ, ಚಿಕ್ಕಂದಿನಲ್ಲಿ ಕನಸು ಕಂಡಿದ್ದ ಹರ್ಕ್ಯುಲಿಸ್ ಪಾತ್ರವೇ ಅವರಿಗೆ ಸಿಕ್ಕಿತು. ಆ ಸಿನಿಮಾದಲ್ಲಿ ಅವರ ಮಾತುಗಳಿಗೆ ಬೇರೆಯವರ ದನಿ ಡಬ್ ಮಾಡಿದರು. ತಮ್ಮ ದನಿಯಲ್ಲೇ ಹಲ್ಕ್ ಆಗೋಕೆ ಅವರು 1996ರವರೆಗೆ ಕಾಯಬೇಕಾಯಿತು. ಆ ವರ್ಷ ಶುರುವಾದ ಹಲ್ಕ್ ಕಾರ್ಟೂನ್ ಸರಣಿಯಲ್ಲಿ ಹಲ್ಕ್‌ನ ಮಾತು ಅವರದ್ದು. 2008ರ ಹಲ್ಕ್ ಸಿನಿಮಾದಲ್ಲೂ ಅವರದ್ದೇ ದನಿ. 2021ರಲ್ಲಿ, ಅರವತ್ತೊಂಬತ್ತನೇ ವಯಸ್ಸಿನಲ್ಲಿ, ಅವರು ಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಶಸ್ತ್ರಚಿಕಿತ್ಸೆ ಮಾಡಿ ಕೂರಿಸುವ, ಶಬ್ದ ಕೇಳಿಸುವಂತೆ ಮಾಡುವ ಸಾಧನ, ಹಾಕಿಸಿಕೊಂಡರು.