ಪೇಪರಿನ ಕಿಂಗ್‌ಪಿನ್, ಲಾರಿಯ ಕಿಂಗ್‌ಪಿನ್

ಬೆಳಗಿನ ಚಹಾದ ಹೊತ್ತು. ನಮ್ಮ ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿರುವ ಹುಡುಗ ಪೇಪರ್ ಹಿಡಿದುಕೊಂಡು ಬಂದ. ಅಣ್ಣಿಗೇರಿ ಕಡೆಯವನು. ಐಟಿಐ ಮುಗಿಸಿ ಆರು ತಿಂಗಳಾಗಿದೆ.

“ಸರ್, ಇಲ್ಲಿ ‘ವಂಚನೆ ಜಾಲದ ಕಿಂಗ್‌ಪಿನ್ ಸೆರೆ’ ಅಂತ ಬರದಾರ ನೋಡ್ರಿ. ನಿನ್ನೆ ನಾವು ಲಾರಿಯಿಂದ ಬಡದು ತಗದ್ವೆಲ್ಲ, ಅದೂ ಕಿಂಗ್‌ಪಿನ್ನೇ ಅಲ್ಲೇನ್ರಿ? ಇದಕ್ಕೂ ಅದಕ್ಕೂ ಏನ್ ಸಂಬಂಧ?”

ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಲಾರಿಗಳ ಮುಂದಿನ ಆಕ್ಸಲ್ ಕೆಲಸ ಮಾಡಿದ್ದೇನೆ. ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಬಹಳ ಒಳ್ಳೆಯ ಪ್ರಶ್ನೆ ಅದು. ಚಹಾ ಆರಿ ಹೋಗುವವರೆಗೂ ಮಾತಾಡಿದೆವು. ಅವನಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಲಾರಿಯ ಪಿನ್ ನೋಡೋಣ. ಲಾರಿಯ ಮುಂದಿನ ಎರಡು ಗಾಲಿಗಳ ನಡುವೆ ದಪ್ಪನೆಯ ಉಕ್ಕಿನ ತೊಲೆ ಇರುತ್ತದೆ. ಅದರ ಎರಡೂ ತುದಿಯಲ್ಲಿ ಮೇಲಿನಿಂದ ಕೆಳಗೆ ಒಂದೊಂದು ತೂತು. ಗಾಲಿ ಕೂತಿರುವ ಭಾಗಕ್ಕೆ ಸ್ಟಬ್ ಆಕ್ಸಲ್ ಅನ್ನುತ್ತೇವೆ. ಅದಕ್ಕೆ ಕವಣೆಯ ಕವೆಯ ಹಾಗೆ ಎರಡು ತೋಳು. ಒಂದು ತೋಳು ತೊಲೆಯ ಮೇಲೆ ಬರುತ್ತದೆ, ಇನ್ನೊಂದು ಕೆಳಗೆ. ಈ ಮೂರನ್ನೂ ಪೋಣಿಸಿ ಹಿಡಿಯುವ ಗೇಣುದ್ದದ ಉಕ್ಕಿನ ಗೂಟವೇ ಕಿಂಗ್‌ಪಿನ್. ಎಡಕ್ಕೊಂದು, ಬಲಕ್ಕೊಂದು.

ಡ್ರೈವರ್ ಸ್ಟೇರಿಂಗ್ ತಿರುಗಿಸಿದಾಗ ಸ್ಟಬ್ ಆಕ್ಸಲ್ ತಿರುಗುತ್ತದೆ. ಅದರ ಜೊತೆ ಗಾಲಿಯೂ ತಿರುಗುತ್ತದೆ. ಬಹುತೇಕ ಲಾರಿಗಳಲ್ಲಿ ಪಿನ್ ಮಾತ್ರ ಅಲ್ಲಾಡುವುದಿಲ್ಲ. ಅಡ್ಡದಿಂದ ಒಂದು ಕಾಟರ್ ಪಿನ್ ಹೊಡೆದು ಅದನ್ನು ತೊಲೆಗೆ ಬಿಗಿದಿರುತ್ತಾರೆ. ತಿರುಗುವ ತೋಳು ಪಿನ್ನಿಗೆ ನೇರವಾಗಿ ಉಜ್ಜದಿರಲಿ ಅಂತ ಮೇಲೊಂದು ಕೆಳಗೊಂದು ಬುಷ್, ಅಂದರೆ ಪಿನ್ ಸುತ್ತ ಕೂರುವ ಗಿಡ್ಡ ಕೊಳವೆ, ಕೂಡಿಸುತ್ತಾರೆ. ಬುಷ್ ಸವೆಯಲೆಂದೇ ಇರುವ ಸಾಮಾನು.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿಯೊಂದಿದೆ. ಲಾರಿಯ ಭಾರ ಎಲ್ಲಾ ಕಿಂಗ್‌ಪಿನ್ ಮೇಲೆ ಬಿದ್ದಿರುತ್ತದೆ ಅಂತ ಡ್ರೈವರುಗಳೂ ಅಂದುಕೊಂಡಿರುತ್ತಾರೆ. ಹಾಗಿಲ್ಲ. ಮೇಲಿನಿಂದ ಬರುವ ಭಾರ ಹೊರುವುದು ತೊಲೆಗೂ ಕೆಳಗಿನ ತೋಳಿಗೂ ನಡುವೆ ಇರುವ ಥ್ರಸ್ಟ್ ಬೇರಿಂಗ್. ಪಿನ್ ತಡೆಯುವುದು ಪಕ್ಕದ ಹೊಡೆತವನ್ನು. ಗುಂಡಿಯ ಏಟು, ಬ್ರೇಕ್ ಹಾಕಿದಾಗಿನ ಎಳೆತ, ತಿರುವಿನಲ್ಲಿ ಗಾಲಿ ಹೊರಗೆ ದೂಡುವ ಒತ್ತಡ, ಇವೆಲ್ಲ ಬಂದು ಬಡಿಯುವುದು ಪಿನ್ನಿಗೆ.

ಇನ್ನೊಂದು ಚಂದದ ವಿಷಯ. ಈ ಪಿನ್ ನೆಟ್ಟಗೆ ನಿಂತಿರುವುದಿಲ್ಲ. ಅದರ ತಲೆ ಕೆಲವು ಡಿಗ್ರಿ ಒಳಕ್ಕೆ ವಾಲಿರುತ್ತದೆ, ಸ್ವಲ್ಪ ಹಿಂದಕ್ಕೂ ವಾಲಿರುತ್ತದೆ. ಒಳಕ್ಕೆ ವಾಲಿರುವುದರಿಂದ ಗಾಲಿ ತಿರುಗಿಸಿದಾಗ ಲಾರಿಯ ಮುಂಭಾಗ ಕೂದಲೆಳೆಯಷ್ಟು ಮೇಲೇಳುತ್ತದೆ. ಕೈ ಸಡಿಲ ಬಿಟ್ಟರೆ ಲಾರಿಯ ತೂಕವೇ ಗಾಲಿಯನ್ನು ಮತ್ತೆ ನೆಟ್ಟಗೆ ತರುತ್ತದೆ. ಹಿಂದಕ್ಕೆ ವಾಲಿರುವುದು ಓಡುವಾಗ ಸಹಾಯಕ್ಕೆ ಬರುತ್ತದೆ. ಸೈಕಲ್ಲಿನ ಮುಂದಿನ ಫೋರ್ಕ್ ಯಾಕೆ ಓರೆ ಇರುತ್ತದೆ ನೋಡಿ, ಅಲ್ಲೂ ಇದೇ ಲೆಕ್ಕ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುತ್ತದಲ್ವಾ, ಅದರಲ್ಲಿ ದೊಡ್ಡ ಪಾಲು ಈ ಓರೆಯದು. ಈಗಿನ ಕಾರುಗಳಲ್ಲಿ ಕಿಂಗ್‌ಪಿನ್ ಇಲ್ಲ, ಬಾಲ್ ಜಾಯಿಂಟ್ ಬಂದಿದೆ. ಆದರೂ ಅಲೈನ್‌ಮೆಂಟ್ ಮಾಡುವವರು ಆ ಓರೆಗೆ ಈಗಲೂ ಕಿಂಗ್‌ಪಿನ್ ಆ್ಯಂಗಲ್ ಅಂತಲೇ ಹೇಳುತ್ತಾರೆ. ಸಾಮಾನು ಹೋದರೂ ಹೆಸರು ಉಳಿದಿದೆ.

ಹೆಸರಿನ ಕಥೆಗೆ ಬರೋಣ. ಕಿಂಗ್ ಅಂದರೆ ರಾಜ, ಪಿನ್ ಅಂದರೆ ಗೂಟ. ಇಂಗ್ಲಿಷಿನವರಿಗೆ ಮರದ ಗೂಟಗಳನ್ನು ನಿಲ್ಲಿಸಿ ಚೆಂಡು ಉರುಳಿಸಿ ಕೆಡವುವ ಆಟ ಬಹಳ ಹಳೆಯದು. ನಮ್ಮ ಲಗೋರಿಯ ದೂರದ ನೆಂಟ ಅನ್ನಬಹುದು. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಗೂಟ ಕಿಂಗ್‌ಪಿನ್. ಅದಕ್ಕೆ ಸರಿಯಾಗಿ ಏಟು ಬಿದ್ದರೆ ಉಳಿದವು ಸಾಲಾಗಿ ಉರುಳುತ್ತವೆ. ಒಂದು ಗುಂಪಿನಲ್ಲಿ ಯಾರ ಮೇಲೆ ಎಲ್ಲಾ ನಿಂತಿದೆಯೋ ಅವನನ್ನು ಕಿಂಗ್‌ಪಿನ್ ಅನ್ನುವುದು 19ನೇ ಶತಮಾನದಲ್ಲೇ ಶುರುವಾಯಿತು. ಆಗ ಅದು ಬೈಗುಳ ಆಗಿರಲಿಲ್ಲ. ವ್ಯಾಪಾರದಲ್ಲಿ, ಆಟದ ತಂಡದಲ್ಲಿ ಮುಖ್ಯನಾದವನಿಗೂ ಹಾಗೆ ಅನ್ನುತ್ತಿದ್ದರು. ಕಳ್ಳರ ಗುಂಪಿನ ಮುಖ್ಯಸ್ಥನಿಗೆ ಅಂಟಿಕೊಂಡಿದ್ದು ಆಮೇಲೆ.

ಗಾಡಿಯ ಪಿನ್ನಿನ ದಾರಿ ಬೇರೆ. ಕುದುರೆ ಹೂಡುವ ನಾಲ್ಕು ಗಾಲಿಯ ಸಾರೋಟಿನಲ್ಲಿ ಮುಂದಿನ ಆಕ್ಸಲ್ ಪೂರ್ತಿ ತಿರುಗುತ್ತಿತ್ತು. ನಟ್ಟ ನಡುವೆ ನೆಟ್ಟಗೆ ಒಂದೇ ದೊಡ್ಡ ಪಿನ್. ಇಡೀ ಮುಂಭಾಗ ಅದರ ಸುತ್ತ ತಿರುಗುತ್ತಿತ್ತು. ಜೋರಾಗಿ ತಿರುಗಿಸಿದರೆ ಸಾರೋಟು ಮಗುಚುತ್ತಿತ್ತು. 1817ರ ಸುಮಾರಿಗೆ ಮ್ಯೂನಿಕ್‌ನಲ್ಲಿ ಸಾರೋಟು ಕಟ್ಟುತ್ತಿದ್ದ ಲಾಂಕೆನ್‌ಸ್ಪರ್ಗರ್ ಇದಕ್ಕೆ ದಾರಿ ಹುಡುಕಿದ. ಆಕ್ಸಲ್ ತಿರುಗಿಸುವುದೇ ಬೇಡ, ಪ್ರತಿ ಗಾಲಿಯನ್ನೂ ಅದರದರ ಪಿನ್ನಿನ ಮೇಲೆ ತಿರುಗಿಸೋಣ ಅಂದ. ಲಂಡನ್‌ನಲ್ಲಿದ್ದ ಆಕರ್‌ಮನ್ ಎಂಬ ಪ್ರಕಾಶಕ 1818ರಲ್ಲಿ ಅದಕ್ಕೆ ಅಲ್ಲಿ ಪೇಟೆಂಟ್ ತೆಗೆದುಕೊಂಡ. ಇಂಜಿನಿಯರಿಂಗ್ ಪುಸ್ತಕಗಳಲ್ಲಿ ಇವತ್ತಿಗೂ ಅದು ಆಕರ್‌ಮನ್ ಸ್ಟೇರಿಂಗ್. ಕಂಡುಹಿಡಿದವನ ಹೆಸರು ಹಿಂದೆ ಉಳಿಯಿತು. ನನಗೆ ಇದು ಯಾವಾಗಲೂ ಬೇಸರದ ಸಂಗತಿ. ನಮ್ಮ ಗ್ಯಾರೇಜಿನ ಗೋಡೆಯ ಮೇಲೆ ಲಾಂಕೆನ್‌ಸ್ಪರ್ಗರ್ ಅಂತ ಬರೆಸಿದ್ದೇನೆ.

ಇಷ್ಟು ಹೇಳಿದ ಮೇಲೆ ಹುಡುಗನಿಗೆ ಕೇಳಿದೆ.

“ನಿಮ್ಮ ಮನ್ಯಾಗ ಚಕ್ಕಡಿ ಐತೇನು?”

“ಐತ್ರಿ ಸರ್. ಈಗ ಹೂಡೂದು ಕಡಿಮಿ.”

“ಅದಕ್ಕ ಕಿಂಗ್‌ಪಿನ್ ಎಲ್ಲೈತಿ?”

ಸ್ವಲ್ಪ ಯೋಚಿಸಿದ. “ಇಲ್ಲರೀ. ಎತ್ತು ತಿರುಗಿದ ಕಡೆ ಚಕ್ಕಡಿ ತಿರುಗ್ತದ.”

“ಮತ್ತ ಗಾಲಿ ಹೊರಗ ಜಾರಿ ಬೀಳದಂಗ ಏನ್ ಹಾಕಿರ್ತಾರ?”

“ಕಡಾಣಿ ರೀ!”

ಆ ಕಡಾಣಿಗೆ ಇಂಗ್ಲಿಷಿನಲ್ಲಿ ಲಿಂಚ್‌ಪಿನ್ ಅನ್ನುತ್ತಾರೆ. ಅದಕ್ಕೂ ಎರಡನೆಯ ಅರ್ಥ ಇದೆ. ಒಂದು ಮನೆಯನ್ನೋ ಸಂಸ್ಥೆಯನ್ನೋ ಚದುರದಂತೆ ಹಿಡಿದಿರುವ ಮನುಷ್ಯ ಲಿಂಚ್‌ಪಿನ್. ಅದು ಹೊಗಳಿಕೆಯ ಮಾತು. ಎರಡೂ ಗೂಟಗಳೇ. ಒಂದು ಒಳ್ಳೆಯವರ ಪಾಲಿಗೆ ಹೋಯಿತು, ಇನ್ನೊಂದು ಕಳ್ಳರ ಪಾಲಿಗೆ.

ನಮ್ಮ ಭಾಷೆ ಈ ಕೆಲಸವನ್ನು ಇಂಗ್ಲಿಷಿಗಿಂತ ಬಹಳ ಮೊದಲೇ ಮಾಡಿದೆ. ಕಡಾಣಿಯ ಹಳೆಯ ಹೆಸರು ಕಡೆಗೀಲು. ‘ಕಡೆಗೀಲು ಬಂಡಿಗಾಧಾರ’ ಅಂದವರು ಜೇಡರ ದಾಸಿಮಯ್ಯ. ಒಡಲು ಅನ್ನುವ ಬಂಡಿಗೆ ಶರಣರ ಮಾತೇ ಕಡೆಗೀಲು ಅಂತ ಆ ವಚನದಲ್ಲಿ ಹೇಳುತ್ತಾರೆ. ಗಾಲಿ ನೋಡಿ ಬದುಕಿನ ಮಾತು ಹೇಳಿದ್ದಾರೆ, ಗಾಲಿಯ ಲೆಕ್ಕವೂ ತಪ್ಪಿಲ್ಲ. ಯಾಕಂದರೆ ಕಡಾಣಿ ಭಾರ ಹೊರುವುದಿಲ್ಲ. ಭಾರ ಹೊರುವುದು ಅಚ್ಚು. ಕಡಾಣಿ ಗಾಲಿಯನ್ನು ಅದರ ಜಾಗದಲ್ಲಿ ಇಡುತ್ತದೆ, ಅಷ್ಟೇ. ಅದೊಂದು ಬಿದ್ದುಹೋದರೆ ಎಷ್ಟು ಗಟ್ಟಿ ಗಾಲಿ ಇದ್ದರೂ ಚಕ್ಕಡಿ ಮಗುಚುತ್ತದೆ. ನೇಕಾರರಾಗಿದ್ದ ದಾಸಿಮಯ್ಯನವರಿಗೆ ಬಂಡಿಯ ಈ ಸೂಕ್ಷ್ಮ ಗೊತ್ತಿತ್ತು ಅನ್ನುವುದು ನನಗೆ ಬಹಳ ಹಿಡಿಸುತ್ತದೆ.

ಟ್ರ್ಯಾಕ್ಟರ್ ಇರುವ ಮನೆಯಲ್ಲಿ ಲಿಂಚ್‌ಪಿನ್ ಈಗಲೂ ದಿನಬಳಕೆಯ ಸಾಮಾನು. ಕಲ್ಟಿವೇಟರ್ ಜೋಡಿಸುವಾಗ ಬಳೆಯಂಥ ರಿಂಗ್ ಇರುವ ಪಿನ್ ಸಿಗಿಸುತ್ತೀರಲ್ಲ, ಅದೇ. ಕಳೆದುಹೋಯಿತು ಅಂತ ಮೊಳೆ, ತಂತಿ ಸಿಗಿಸಬೇಡಿ. ದಯವಿಟ್ಟು ಬೇಡ. ಮೊಳೆ ಮುರಿಯುವುದು ಹೊಲದ ನಡುವೆಯೇ ಆಗಬೇಕೆಂದಿಲ್ಲ, ರಸ್ತೆಯ ಮೇಲೂ ಆಗಬಹುದು.

ಇಂಥದ್ದೇ ಇನ್ನೊಂದು ಮಾತು ಐದನೇ ಗಾಲಿ. ಇಂಗ್ಲಿಷಿನಲ್ಲಿ ಬೇಡದ ಮನುಷ್ಯನಿಗೆ ಫಿಫ್ತ್ ವೀಲ್ ಅನ್ನುತ್ತಾರೆ. ಆದರೆ ಗದಗಿನ ಕಡೆ ಗಾಳಿಯಂತ್ರದ ರೆಕ್ಕೆ ಹೊತ್ತು ಹೋಗುವ ಉದ್ದನೆಯ ಟ್ರೇಲರ್‌ಗಳನ್ನು ನೋಡಿದ್ದೀರಲ್ವಾ? ಅಂಥ ಗಾಡಿಯಲ್ಲಿ ಎಂಜಿನ್ ಇರುವ ಮುಂಭಾಗದ ಬೆನ್ನ ಮೇಲಿರುವ ದೊಡ್ಡ ತಟ್ಟೆಯ ಹೆಸರೇ ಫಿಫ್ತ್ ವೀಲ್. ಟ್ರೇಲರ್ ಅಡಿಯಿಂದ ಇಳಿದಿರುವ ಪಿನ್ ಅದರಲ್ಲಿ ಕೂತು ಲಾಕ್ ಆಗುತ್ತದೆ. ಆ ಪಿನ್ನಿಗೂ ಕಿಂಗ್‌ಪಿನ್ ಅಂತಲೇ ಹೆಸರು. ಎರಡು ಇಂಚಿನದು ಹೆಚ್ಚು ಬಳಕೆಯಲ್ಲಿದೆ, ಭಾರೀ ಗಾಡಿಗಳಿಗೆ ಮೂರೂವರೆ ಇಂಚಿನದು. ಇಷ್ಟು ದಪ್ಪದ ಒಂದು ಪಿನ್ ಇಡೀ ಟ್ರೇಲರನ್ನು ಎಳೆದುಕೊಂಡು ಹೋಗುತ್ತದೆ. ಮಾತಿನಲ್ಲಿ ಬೇಡವಾದ ಐದನೇ ಗಾಲಿ ರಸ್ತೆಯಲ್ಲಿ ಇಲ್ಲದಿದ್ದರೆ ಗಾಡಿಯೇ ಇಲ್ಲ.

ಈಗ ಕಿಂಗ್‌ಪಿನ್ ಹೇಗೆ ಹಾಳಾಗುತ್ತದೆ ಅನ್ನುವುದನ್ನು ಹೇಳಲೇಬೇಕು. ಪೇಪರಿನ ಅರ್ಥಕ್ಕೂ ಇದಕ್ಕೂ ಸಂಬಂಧ ಇದೆ.

ಪಿನ್ ಉಕ್ಕಿನದು. ಸುಮ್ನೆ ಹಾಳಾಗುವುದಿಲ್ಲ. ಗ್ರೀಸ್ ಒಣಗಿದಾಗ, ನೀರು ಮಣ್ಣು ಒಳಗೆ ಸೇರಿದಾಗ ಹಾಳಾಗುತ್ತದೆ. ನವಲಗುಂದ, ಅಣ್ಣಿಗೇರಿ, ಗದಗಿನ ಎರಿ ಮಣ್ಣು ಮಳೆಗಾಲದಲ್ಲಿ ಹೇಗೆ ಅಂಟುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಸೀಲ್ ಹರಿದಿದ್ದರೆ ಅದೇ ಮಣ್ಣು ಬುಷ್ ಒಳಗೆ ಸೇರಿ ಮಸೆಯುವ ಕಲ್ಲಿನ ಹಾಗೆ ತಿನ್ನುತ್ತದೆ. ಮೊದಲು ಬುಷ್ ಸವೆಯುತ್ತದೆ. ಆಮೇಲೆ ಪಿನ್. ಸ್ಟೇರಿಂಗ್ ನಡುಗಲು ಶುರುವಾಗುತ್ತದೆ. ಮುಂದಿನ ಟೈರ್ ಒಂದೇ ಅಂಚಿನಲ್ಲಿ ಸವೆಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಸೀಸನ್ನಿನಲ್ಲಿ ಬಿಡುವಿಲ್ಲದೆ ಓಡುವ ಗಾಡಿಯವರು ಟೈರ್ ಬದಲಿಸುತ್ತಾರೆ, ಮತ್ತೆ ಬದಲಿಸುತ್ತಾರೆ, ಪಿನ್ ನೋಡುವುದಿಲ್ಲ.

ನೋಡುವುದು ಕಷ್ಟ ಏನಲ್ಲ. ಮುಂದಿನ ತೊಲೆಗೆ ಜಾಕ್ ಕೊಟ್ಟು ಗಾಲಿ ಎತ್ತಿ. ಹಿಂದಿನ ಗಾಲಿಗೆ ಕಲ್ಲು ಕೊಡುವುದು ಮರೆಯಬೇಡಿ. ಗಾಲಿಯ ತಲೆ ಮತ್ತು ಬುಡ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಕಂಡರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ತೊಂದರೆ ಗಾಲಿಯ ಬೇರಿಂಗಿನಲ್ಲಿದೆ. ಆಗಲೂ ಆಡುತ್ತಿದ್ದರೆ ಕಿಂಗ್‌ಪಿನ್ ಕಡೆ ನೋಡಬೇಕು. ಗ್ರೀಸ್ ಹೊಡೆಯುವಾಗಲೂ ಗಾಲಿ ಎತ್ತಿಕೊಂಡು ಹೊಡೆಯಿರಿ. ಭಾರ ಇಳಿದಾಗಲೇ ಗ್ರೀಸ್ ಥ್ರಸ್ಟ್ ಬೇರಿಂಗಿನವರೆಗೆ ಚೆನ್ನಾಗಿ ಸೇರುವುದು. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಹೊಡೆಯಬೇಕು.

ನಾನು ಈ ಕೆಲಸಕ್ಕೆ ಹೊಸಬನಿದ್ದಾಗ ಒಂದು ತಪ್ಪು ಮಾಡಿದೆ. ಹಳೆಯ ಬುಷ್ ತೆಗೆದು ಹೊಸದನ್ನು ಪ್ರೆಸ್ ಮಾಡಿದೆ. ಬುಷ್‌ನಲ್ಲಿ ಗ್ರೀಸ್ ಹೋಗಲು ಸಣ್ಣ ತೂತು ಇರುತ್ತದೆ. ಹೊರಗಿನಿಂದ ಗ್ರೀಸ್ ಹೊಡೆಯುವ ಮೂತಿಗೆ ನಿಪ್ಪಲ್ ಅನ್ನುತ್ತೇವೆ. ಆ ನಿಪ್ಪಲ್ ಕಡೆಯಿಂದ ಬರುವ ತೂತಿಗೆ ಅದು ಸರಿಯಾಗಿ ಕೂಡಬೇಕು. ನಾನು ಕೂಡಿಸಿರಲಿಲ್ಲ. ಗಾಡಿಯವರು ಪಾಪ, ಹೇಳಿದಂತೆ ಗ್ರೀಸ್ ಹೊಡೆಸುತ್ತಲೇ ಇದ್ದರು. ಒಳಗೆ ಒಂದು ಹನಿಯೂ ಹೋಗುತ್ತಿರಲಿಲ್ಲ. ಅರಬೈಲ್ ಘಟ್ಟ ಇಳಿಯುವಾಗ ಸ್ಟೇರಿಂಗ್ ಬಿಗಿಯಾಗಿ, ತಿರುವಿನಿಂದ ವಾಪಸ್ ಬರದೆ ಡ್ರೈವರ್ ಹೆದರಿ ಗಾಡಿ ಪಕ್ಕಕ್ಕೆ ಹಾಕಿದರಂತೆ. ಯಾರಿಗೂ ಏನೂ ಆಗಲಿಲ್ಲ. ಬಿಚ್ಚಿ ನೋಡಿದರೆ ಹೊಸ ಬುಷ್ ಸುಟ್ಟು ಕಪ್ಪಾಗಿತ್ತು. ಅವತ್ತಿನಿಂದ ನಮ್ಮಲ್ಲಿ ಬುಷ್ ಕೂಡಿಸಿದ ತಕ್ಷಣ ನಿಪ್ಪಲ್ ತೂತಿನಿಂದ ತಂತಿ ಹಾಕಿ ನೋಡುವುದು ನಿಯಮ. ತಂತಿ ಒಳಗೆ ಇಣುಕದಿದ್ದರೆ ಕೆಲಸ ಮುಂದೆ ಹೋಗುವುದಿಲ್ಲ.

ಇನ್ನೊಂದು ನಿಯಮ ಇದೆ. ಕಿಂಗ್‌ಪಿನ್ ಬದಲಿಸಿ ಅಂತ ಯಾರಾದರೂ ಬಂದರೆ ನಾವು ಪಿನ್ ಒಂದನ್ನೇ ಬದಲಿಸುವುದಿಲ್ಲ. ಪಿನ್, ಬುಷ್, ಥ್ರಸ್ಟ್ ಬೇರಿಂಗ್, ಸಂದು ತುಂಬುವ ತೆಳು ಬಿಲ್ಲೆಯಾದ ಶಿಮ್, ಸೀಲ್, ಪೂರ್ತಿ ಸೆಟ್. ಬುಷ್ ಹಾಕಿದ ಮೇಲೆ ಉದ್ದನೆಯ ರೀಮರ್‌ನಿಂದ ಮೇಲಿನದು ಕೆಳಗಿನದು ಒಂದೇ ಗೆರೆಯಲ್ಲಿ ಬರುವಂತೆ ಕೊರೆಯಬೇಕು. ಸವೆದ ಬುಷ್‌ನಲ್ಲಿ ಹೊಸ ಪಿನ್ ತೂರಿಸಿದರೆ ಮೊದಲ ದಿನದಿಂದಲೇ ಆಟ ಇರುತ್ತದೆ. ದುಡ್ಡೂ ಹೋಯಿತು, ಕೆಲಸವೂ ಆಗಲಿಲ್ಲ.

ಪೇಪರಿನಲ್ಲಿ ಆ ಪದ ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ. ಕಿಂಗ್‌ಪಿನ್ ಸಿಕ್ಕಿಬಿದ್ದ ಅಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಅವನ ಸುತ್ತ ಯಾವ ಬುಷ್ ಸವೆದಿತ್ತು, ಮಣ್ಣು ಯಾವ ಸಂದಿನಿಂದ ಒಳಗೆ ಬಂತು, ಗ್ರೀಸ್ ಹೊಡೆಯಬೇಕಾದವರು ಎಲ್ಲಿದ್ದರು, ಇದು ಬರುವುದು ಬಹಳ ಕಡಿಮೆ. ಒಬ್ಬ ಹೋದ ಜಾಗಕ್ಕೆ ಮತ್ತೊಬ್ಬ ಬರುತ್ತಾನೆ, ಆಟ ಹಾಗೇ ಇರುತ್ತದೆ.

ಮೊದಲು ಇಂಥವನಿಗೆ ನಾವು ಸೂತ್ರಧಾರ ಅನ್ನುತ್ತಿದ್ದೆವು. ಈಗಲೂ ಅನ್ನುತ್ತೇವೆ. ಎರಡೂ ಒಂದೇ ಅಲ್ಲ. ಸೂತ್ರಧಾರನ ಕೈ ಆಡುತ್ತಿರುತ್ತದೆ, ಅವನು ದಾರ ಎಳೆದರೆ ಗೊಂಬೆ ಕುಣಿಯುತ್ತದೆ. ಕಿಂಗ್‌ಪಿನ್ ಕೂತಲ್ಲೇ ಇರುತ್ತದೆ, ಉಳಿದವು ಅದರ ಸುತ್ತ ತಿರುಗುತ್ತವೆ. ಯಾರು ಏನು ಮಾಡಿದರು ಅಂತ ನೋಡಿ ಪದ ಆರಿಸಿದರೆ ಓದುವವರಿಗೂ ವಿಷಯ ತಿಳಿಯುತ್ತದೆ.

“ಹಂಗಾರ ಇಲ್ಲಿ ಏನಂತ ಬರೀಬೇಕಿತ್ರಿ?” ಹುಡುಗ ಪೇಪರಿನ ಮೇಲೆ ಬೆರಳಿಟ್ಟು ಕೇಳಿದ.

“ಕೋರ್ಟಿನ್ಯಾಗ ಇನ್ನೂ ತೀರ್ಮಾನ ಆಗಿಲ್ಲಲ್ಲಪಾ. ಮುಖ್ಯ ಆರೋಪಿ ಅಂದ್ರ ಸಾಕು.”

ತಲೆಯಾಡಿಸಿದ. ಪೇಪರ್ ಮಡಿಚಿ ಬೆಂಚಿನ ಮೇಲಿಟ್ಟು ನಿನ್ನೆಯ ಲಾರಿಯ ಕಡೆ ಹೋದ. ಎಡಗಡೆ ಬುಷ್ ಕೂಡಿಸಿ ಆಗಿತ್ತು. ಜೇಬಿನಿಂದ ತಂತಿ ತೆಗೆದು ನಿಪ್ಪಲ್ ತೂತಿನಲ್ಲಿ ಹಾಕಿದ.

“ಸರ್, ಇಣುಕ್ತು ನೋಡ್ರಿ.”