ಯೂಟ್ಯೂಬ್ ಓಡುತ್ತೆ, ಪಾಠ ಓಡಲ್ಲ

ಮಳವಳ್ಳಿ ಹತ್ತಿರ ಅಕ್ಕನ ಮನೆ. ಭಾನುವಾರ ಮುದ್ದೆ ಊಟ ಮುಗಿಸಿ ಕೈ ತೊಳೆಯುವ ಮೊದಲೇ ಅಕ್ಕನ ಮಗಳು ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. "ಮಾವ, ಯೂಟ್ಯೂಬ್ ಓಡುತ್ತೆ, ಪಾಠ ಓಡಲ್ಲ." ಪಾಠ ಅಂದರೆ ದುಡ್ಡು ಕೊಟ್ಟು ಸೇರಿಕೊಂಡ ಕೋಚಿಂಗ್ ತಾಣದ ಫಿಸಿಕ್ಸ್ ವಿಡಿಯೋ. ಒತ್ತಿದರೆ ಕಪ್ಪು ಚೌಕ ಬರುತ್ತಿತ್ತು. ಅದರ ನಡುವೆ, ಈ ಬಗೆಯ ವಿಡಿಯೋ ತೋರಿಸಲು ಆಗುವುದಿಲ್ಲ ಅನ್ನುವ ಅರ್ಥದ ಒಂದು ಸಾಲು.

ತಪ್ಪು ನನ್ನದೇ. ಅದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಐ3-6006ಯು ಪ್ರೊಸೆಸರ್, 4 ಜಿಬಿ ರ‍್ಯಾಮ್. ವಿಂಡೋಸ್‌ನಲ್ಲಿ ತೆವಳುತ್ತಿದೆ ಅಂತ ಹಿಂದಿನ ತಿಂಗಳು ನಾನೇ ಅದರ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟು, ಇನ್ನು ಚಿಂತೆ ಬಿಡು ಅಂದು ಬಂದಿದ್ದೆ.

"ನೆಟ್ ಸರಿಯಿಲ್ಲ ಬಿಡು" ಅಂದರು ಭಾವ. ಎದ್ದು ಹೋಗಿ ವೈಫೈ ಡಬ್ಬಿಯನ್ನು ಆಫ್ ಮಾಡಿ ಆನ್ ಮಾಡಿದರು. ಎಲ್ಲರೂ ಮೊದಲು ಮಾಡುವುದು ಅದನ್ನೇ, ಅಲ್ವಾ?

ನಮ್ಮ ದೊಡ್ಡಪ್ಪ ಕನ್ನಂಬಾಡಿ ನೀರು ತರುವ ವಿ.ಸಿ. ನಾಲೆಯ ಕೊನೆ ಭಾಗದಲ್ಲಿ ನೀರುಗಂಟಿಯಾಗಿದ್ದವರು. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿತು, ಬಾಗಿನ ಬಿಟ್ಟಾಯಿತು ಅಂತ ಟಿವಿಯಲ್ಲಿ ತೋರಿಸುತ್ತಿದ್ದರೂ ಇಲ್ಲಿನ ಗದ್ದೆ ಬಿರುಕು ಬಿಟ್ಟಿರುತ್ತಿತ್ತು. ಆಗ ಅವರು ಕಟ್ಟೆಯನ್ನು ಬೈಯುತ್ತಾ ಕೂರುತ್ತಿರಲಿಲ್ಲ. ಗುದ್ದಲಿ ಹೆಗಲಿಗೆ ಹಾಕಿಕೊಂಡು ಗದ್ದೆಯಿಂದ ಮೇಲಕ್ಕೆ ನಡೆಯುತ್ತಿದ್ದರು. ಈ ತೂಬಿಗೆ ನೀರು ಬಂದಿದೆಯಾ? ಅದರ ಮೇಲಿನದಕ್ಕೆ? ಎಲ್ಲಿಯವರೆಗೆ ಬಂದಿದೆ ಅಂತ ಗೊತ್ತಾದರೆ ಎಲ್ಲಿ ಕಟ್ಟಿಕೊಂಡಿದೆ ಅಂತಲೂ ಗೊತ್ತಾಯಿತು.

ವಿಡಿಯೋ ಬರುವುದೂ ಹಾಗೇ. ಸರ್ವರ್, ನೆಟ್, ಬ್ರೌಸರ್, ಕೊಡೆಕ್, ಗ್ರಾಫಿಕ್ಸ್ ಚಿಪ್, ಕೊನೆಗೆ ಪರದೆ. ಯೂಟ್ಯೂಬ್ ಓಡುತ್ತಿದೆ ಅಂದ ಮೇಲೆ ನೆಟ್ ಸರಿ ಇದೆ, ಪರದೆ ಸರಿ ಇದೆ, ಸ್ಪೀಕರೂ ಸರಿ ಇದೆ. ಹುಡುಗಿ ತನಗೇ ಗೊತ್ತಿಲ್ಲದೆ ಅರ್ಧ ನಾಲೆ ನಡೆದು ನೋಡಿ ಬಂದಿದ್ದಳು. ಅನುಮಾನ ಉಳಿದಿದ್ದು ನಡುವಿನ ಒಂದು ತೂಬಿನ ಮೇಲೆ. ಅದೇ ಕೊಡೆಕ್, ಅಂದರೆ ವಿಡಿಯೋವನ್ನು ಕುಗ್ಗಿಸುವ, ಹಿಗ್ಗಿಸುವ ವಿಧಾನ.

ಕೊಡೆಕ್ ಯಾಕೆ ಬೇಕು ಅಂತ ಒಂದು ಲೆಕ್ಕ ಹಾಕಿ ನೋಡಿ. ಪೂರ್ತಿ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಒಟ್ಟು 20,73,600. ಒಂದೊಂದು ಚುಕ್ಕಿಯ ಬಣ್ಣ ಬರೆಯಲು 3 ಬೈಟ್. ಸೆಕೆಂಡಿಗೆ ಇಂಥ 30 ಚಿತ್ರ. ಅಂದರೆ ಸೆಕೆಂಡಿಗೆ ಸುಮಾರು 187 ಎಂಬಿ. ದಿನಕ್ಕೆ 2 ಜಿಬಿ ಪ್ಯಾಕ್ ಹಾಕಿಸಿದ್ದರೆ ಹನ್ನೊಂದು ಸೆಕೆಂಡಿನೊಳಗೆ ಖಾಲಿ. ಮೇಷ್ಟ್ರು ನಮಸ್ಕಾರ ಹೇಳಿ ಮುಗಿಸುವಷ್ಟರಲ್ಲಿ ಅವತ್ತಿನ ಡೇಟಾ ಮುಗಿಯಿತು.

ಹಾಗಾಗಿ ಕಳಿಸುವವರು ಕುಗ್ಗಿಸಿ ಕಳಿಸುತ್ತಾರೆ, ನೋಡುವವರ ಕಡೆ ಅದನ್ನು ಹಿಗ್ಗಿಸಬೇಕು. ಕುಗ್ಗಿಸುವುದರಲ್ಲಿ ಮುಖ್ಯವಾಗಿ ಎರಡು ಉಪಾಯ. ಮೇಷ್ಟ್ರು ಬೋರ್ಡಿನ ಮುಂದೆ ನಿಂತಿದ್ದಾರೆ. ಬೋರ್ಡು, ಗೋಡೆ, ಗಡಿಯಾರ ಅಲ್ಲೇ ಇವೆ, ಕೈ ಮಾತ್ರ ಆಡುತ್ತಿದೆ. ಅದಕ್ಕೆ ಒಂದು ಪೂರ್ತಿ ಚಿತ್ರ ಕಳಿಸಿ, ಮುಂದಿನವಕ್ಕೆ ಬದಲಾದ ಭಾಗ ಮಾತ್ರ ಕಳಿಸಿದರೆ ಸಾಕು. ಇನ್ನೊಂದು ಉಪಾಯ ಸ್ವಲ್ಪ ಗಣಿತದ್ದು. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಬೆಳಕು ನೆರಳಿನ ಅಲೆಗಳ ಮೊತ್ತವಾಗಿ ಬರೆಯುವುದು. ದೊಡ್ಡ ಅಲೆ ಇಟ್ಟುಕೊಂಡು, ಕಣ್ಣಿಗೆ ಅಷ್ಟಾಗಿ ಕಾಣದ ಪುಟ್ಟ ಅಲೆಗಳನ್ನು ಕೈಬಿಡುವುದು.

ಈ ಅಲೆಗಳ ಲೆಕ್ಕ ಕೊಟ್ಟವರು ನಮ್ಮವರೇ ಅಂತ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದರು. ಆಮೇಲೆ ಅಮೆರಿಕದಲ್ಲಿ ಮೇಷ್ಟ್ರಾದರು. 1972ರಲ್ಲಿ ಈ ಲೆಕ್ಕದ ಮೇಲೆ ಕೆಲಸ ಮಾಡಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹತ್ತಿರ ಹಣ ಕೇಳಿದರು. ಸಿಗಲಿಲ್ಲ. ವಿಷಯ ತೀರಾ ಸರಳವಾಯಿತು ಅಂತ ಪ್ರತಿಷ್ಠಾನದವರಿಗೆ ಅನ್ನಿಸಿತ್ತಂತೆ! ಟಿ. ನಟರಾಜನ್, ಕೆ.ಆರ್. ರಾವ್ ಜೊತೆ 1974ರಲ್ಲಿ ಅವರು ಅದನ್ನು ಪ್ರಕಟಿಸಿದರು. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅಂತ ಅದರ ಹೆಸರು. ಜೆಪೆಗ್ ಫೋಟೋದಿಂದ ಹಿಡಿದು ಅಕ್ಕನ ಮಗಳ ಪಾಠದವರೆಗೆ ಅದರ ವಂಶವೇ ಕೆಲಸ ಮಾಡುತ್ತಿದೆ.

ಸರಿ, ಕಪ್ಪು ಚೌಕಕ್ಕೆ ಬರೋಣ. ಪಾಠದ ಫೈಲು ಎಂಪಿ4. ಎಂಪಿ4 ಅನ್ನುವುದು ಬರೀ ಟಿಫಿನ್ ಕ್ಯಾರಿಯರ್. ಒಳಗಿನ ಡಬ್ಬಿಗಳಲ್ಲಿ ಏನಿದೆ ಅನ್ನುವುದು ಮುಖ್ಯ. ಇದರಲ್ಲಿದ್ದ ಚಿತ್ರ ಎಚ್.264 ಕೊಡೆಕ್‌ನದು, ಸದ್ದು ಎಎಸಿ. ಎಚ್.264 ಬಂದಿದ್ದು 2003ರಲ್ಲಿ. ಇವತ್ತಿಗೂ ಕ್ಯಾಮೆರಾ, ಫೋನು, ಟಿವಿ ಎಲ್ಲದಕ್ಕೂ ಅರ್ಥವಾಗುವ ಭಾಷೆ ಅದು. ಆದರೆ ಅದರ ಮೇಲೆ ಹತ್ತಾರು ಕಂಪನಿಗಳ ಪೇಟೆಂಟ್ ಇವೆ, ಬಳಸಲು ಪರವಾನಗಿ ಬೇಕು. ಪುಕ್ಕಟೆ ಹಂಚುವ ಲಿನಕ್ಸ್‌ಗೆ ಯಾರು ದುಡ್ಡು ಕಟ್ಟುತ್ತಾರೆ? ಅದಕ್ಕೇ ಫೆಡೋರಾ ತರದ ಕೆಲವು ಲಿನಕ್ಸ್‌ಗಳು ಇಂಥ ಕೊಡೆಕ್‌ಗಳನ್ನು ತಮ್ಮ ತಂತ್ರಾಂಶಗಳ ಮೂಲ ಭಂಡಾರದಲ್ಲಿ ಪೂರ್ತಿಯಾಗಿ ಇಡುವುದಿಲ್ಲ. ಸಿಸ್ಕೋ ಕಂಪನಿ 2013ರಲ್ಲಿ ಪರವಾನಗಿ ಶುಲ್ಕವನ್ನು ತಾನೇ ಹೊತ್ತು ಓಪನ್‌ಎಚ್264 ಅನ್ನುವ ಕೊಡೆಕ್ ಬಿಟ್ಟಿತು. ಫೈರ್‌ಫಾಕ್ಸ್ ಬ್ರೌಸರ್ ಅದನ್ನು ವಿಡಿಯೋ ಕರೆಗಳಿಗೆ ಬಳಸುತ್ತದೆ. ಪಾಠದಂಥ ವಿಡಿಯೋಗೆ ಮಾತ್ರ ಲಿನಕ್ಸ್‌ನಲ್ಲಿರುವ ಎಫ್ಎಫ್ಎಂಪೆಗ್ ಅನ್ನುವ, ವಿಡಿಯೋ ಬಿಡಿಸುವ ಲೈಬ್ರರಿಯ ಬಾಗಿಲು ತಟ್ಟುತ್ತದೆ. ಅಲ್ಲಿ ಎಚ್.264 ಇಲ್ಲದಿದ್ದರೆ ಕಪ್ಪು ಚೌಕ. ಅಂದರೆ ತೂಬನ್ನು ಮುಚ್ಚಿದ್ದು ತಂತ್ರಜ್ಞಾನವಲ್ಲ, ಕಾನೂನು.

ಹಾಗಾದರೆ ಯೂಟ್ಯೂಬ್ ಹೇಗೆ ಓಡಿತು? ಅವರ ಹತ್ತಿರ ಒಂದೇ ವಿಡಿಯೋದ ಹಲವು ಪ್ರತಿ ಇರುತ್ತವೆ. ಗೂಗಲ್ 2010ರಲ್ಲಿ ಆನ್2 ಅನ್ನುವ ಕಂಪನಿಯನ್ನು ಕೊಂಡು, ಪರವಾನಗಿ ಶುಲ್ಕವಿಲ್ಲದ ಕೊಡೆಕ್ ದಾರಿ ಹಿಡಿಯಿತು. 2013ರಲ್ಲಿ ವಿಪಿ9 ಬಂತು. 2018ರಲ್ಲಿ ಹಲವು ಕಂಪನಿಗಳು ಸೇರಿ ಎವಿ1 ತಂದವು. ಬ್ರೌಸರ್ ತನಗೆ ಎಚ್.264 ಬರಲ್ಲ ಅಂದರೆ ಯೂಟ್ಯೂಬ್ ಸುಮ್ನೆ ವಿಪಿ9 ಪ್ರತಿ ಕಳಿಸುತ್ತದೆ. ಕೋಚಿಂಗ್ ತಾಣದವರ ಹತ್ತಿರ ಒಂದೇ ಪ್ರತಿ.

ಪರಿಹಾರ ಹತ್ತು ನಿಮಿಷದ್ದು. ನಾನು ಹಾಕಿದ್ದ ಫೆಡೋರಾ ತರದ ಲಿನಕ್ಸ್‌ಗೆ ಹೊರಗಿನ ಭಂಡಾರವನ್ನು ಸೇರಿಸಿ, ಪೂರ್ತಿ ಎಫ್ಎಫ್ಎಂಪೆಗ್ ಇಳಿಸಿ, ಬ್ರೌಸರ್ ಮುಚ್ಚಿ ತೆರೆದೆ. ಮೇಷ್ಟ್ರು ಬಂದರು. ಉಬುಂಟು, ಮಿಂಟ್ ಬಳಸುವವರಿಗೆ ಇಷ್ಟು ಕಷ್ಟವಿಲ್ಲ. ಇನ್‌ಸ್ಟಾಲ್ ಮಾಡುವಾಗ ಹೆಚ್ಚುವರಿ ಮೀಡಿಯಾ ಕೊಡೆಕ್ ಬೇಕಾ ಅಂತ ಒಂದು ಚೌಕ ಬರುತ್ತದೆ. ಅವಸರದಲ್ಲಿ ಅದನ್ನು ಹಾಗೇ ದಾಟಿಬಿಡುತ್ತೇವೆ.

ಐದು ನಿಮಿಷ ಕಳೆಯಲಿಲ್ಲ, ಲ್ಯಾಪ್‌ಟಾಪ್ ಫ್ಯಾನ್ ಅಕ್ಕಿ ಮಿಲ್ಲಿನ ಹಾಗೆ ಕೂಗತೊಡಗಿತು. ಪಾಠ ನಡುನಡುವೆ ತಡವರಿಸಿತು. ಇದು ಮುಂದಿನ ತೂಬು. ಕುಗ್ಗಿದ ವಿಡಿಯೋವನ್ನು ಬಿಡಿಸಲು ಗ್ರಾಫಿಕ್ಸ್ ಚಿಪ್‌ನಲ್ಲಿ ಬೇರೆಯೇ ಒಂದು ಭಾಗವಿದೆ. ಅದು ಈ ಕೆಲಸ ಬಿಟ್ಟು ಬೇರೇನೂ ಮಾಡದು, ಹಾಗಾಗಿ ಕರೆಂಟು ಕಮ್ಮಿ, ಬಿಸಿಯೂ ಕಮ್ಮಿ. ಬ್ರೌಸರ್ ಅದನ್ನು ಬಳಸಲು ಲಿನಕ್ಸ್‌ನಲ್ಲಿ ವಿಎ-ಎಪಿಐ ಅನ್ನುವ ಸೇತುವೆ ಮತ್ತು ಸರಿಯಾದ ಡ್ರೈವರ್ ಬೇಕು. ಇಲ್ಲದಿದ್ದರೆ ಎಲ್ಲ ಹೊರೆ ಪ್ರೊಸೆಸರ್ ತಲೆ ಮೇಲೆ. ಫೈರ್‌ಫಾಕ್ಸ್ 2023ರ 115ನೇ ಆವೃತ್ತಿಯಿಂದ ಇಂಟೆಲ್ ಚಿಪ್‌ಗಳಲ್ಲಿ ಇದನ್ನು ತಾನಾಗಿಯೇ ಬಳಸುತ್ತದೆ, ಡ್ರೈವರ್ ಇದ್ದರೆ. ವಿಳಾಸದ ಪಟ್ಟಿಯಲ್ಲಿ about:support ಅಂತ ಹೊಡೆದರೆ ಕೆಳಗೆ ಒಂದು ಪಟ್ಟಿ ಸಿಗುತ್ತದೆ. ಯಾವ ಕೊಡೆಕ್‌ಗೆ ಹಾರ್ಡ್‌ವೇರ್ ನೆರವಿದೆ, ಯಾವುದಕ್ಕಿಲ್ಲ ಅಂತ ಅಲ್ಲೇ ಇರುತ್ತದೆ. ಡ್ರೈವರ್ ಹಾಕಿದ ಮೇಲೆ ಪಾಠ ಸರಾಗವಾಯಿತು, ಫ್ಯಾನ್ ಮೆತ್ತಗಾಯಿತು.

ಈಗ ಯೂಟ್ಯೂಬ್ ಹಾಕಿದರೆ ಮತ್ತೆ ಮಿಲ್ಲು! ನನಗೂ ಒಂದು ಕ್ಷಣ ತಲೆ ಕೆಟ್ಟಿತು. ವಿಡಿಯೋ ಮೇಲೆ ಬಲ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ತೆರೆದೆ. ಕೊಡೆಕ್ ಸಾಲಿನಲ್ಲಿ ವಿಪಿ09, ಕೈಬಿಟ್ಟ ಚಿತ್ರಗಳ ಲೆಕ್ಕ ಏರುತ್ತಲೇ ಇತ್ತು. ಇಂಟೆಲ್‌ನ ಆರನೇ ತಲೆಮಾರಿನ ಈ ಚಿಪ್ ಎಚ್.264 ಅನ್ನು ನಿದ್ದೆಗಣ್ಣಲ್ಲೂ ಬಿಡಿಸುತ್ತದೆ. ವಿಪಿ9 ಅನ್ನು ಪೂರ್ತಿ ಹಾರ್ಡ್‌ವೇರಿನಲ್ಲೇ ಬಿಡಿಸಲು ಕಲಿತಿದ್ದು ಏಳನೇ ತಲೆಮಾರು. ಎವಿ1 ಬಂದಿದ್ದು ಹನ್ನೊಂದನೆಯದಕ್ಕೆ. ಅಂದರೆ ಪುಕ್ಕಟೆ ಕೊಡೆಕ್ ಈ ಹಳೆ ಯಂತ್ರವನ್ನು ಕಾಯಿಸುತ್ತದೆ, ಪೇಟೆಂಟಿನದು ತಣ್ಣಗಿಡುತ್ತದೆ. ಮುಕ್ತ ತಂತ್ರಾಂಶದ ಪರ ಮಾತಾಡುವ ನನಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಇರುಸುಮುರುಸೇ ಆಯಿತು. ಯೂಟ್ಯೂಬ್‌ನಿಂದ ಎಚ್.264 ಪ್ರತಿಯನ್ನೇ ಕೇಳಿ ಪಡೆಯುವ ಪುಟ್ಟ ಎಕ್ಸ್‌ಟೆನ್ಷನ್‌ಗಳಿವೆ. ಅಂಥದ್ದೊಂದನ್ನು ಹಾಕಿದೆ. 1080ಕ್ಕಿಂತ ಮೇಲಿನ ಗುಣಮಟ್ಟ ಅದರಲ್ಲಿ ಸಿಗುವುದಿಲ್ಲ. ಆ ಪರದೆಗೆ ಅದು ಬೇಕಾಗಿಯೂ ಇಲ್ಲ.

ಸಿನಿಮಾ ತಾಣಗಳ ಕಥೆ ಬೇರೆ. ಅಲ್ಲಿ ನಕಲು ಮಾಡದಂತೆ ಬೀಗ ಹಾಕಿದ ವಿಡಿಯೋ ಬರುತ್ತದೆ. ಫೈರ್‌ಫಾಕ್ಸ್ ಸೆಟ್ಟಿಂಗ್‌ನಲ್ಲಿ ಡಿಆರ್‌ಎಂಗೆ ಟಿಕ್ ಹಾಕಿದರೆ ವೈಡ್‌ವೈನ್ ಅನ್ನುವ ಬೀಗದ ಕೈ ಇಳಿಯುತ್ತದೆ. ಅಷ್ಟೇ.

ಪಾಠ ಓಡುತ್ತಲೇ ಇತ್ತು. ಹುಡುಗಿ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಟ್ಸ್ ಬರೆಯುತ್ತಿದ್ದಳು. ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತು ಕಿವಿಗೊಟ್ಟಳು.

"ಸದ್ದೇ ಇಲ್ಲವಲ್ಲ, ಮತ್ತೆ ಆಫ್ ಆಯ್ತಾ?"